ಓದುಗರ ಪ್ರಶ್ನೆ: ಊರಿನ ಟಿಕೆಟ್ ತೆಗೆಯುವ ಮೊದಲೇ ನಗರದ ರೈಲು ನಕ್ಷೆ ನೋಡಿ

ಕಾಸರಗೋಡಿನಿಂದಲೂ ಗಡಿಯಾಚೆಯ ಇತರ ಕನ್ನಡ ಪ್ರದೇಶಗಳಿಂದಲೂ ಬಂದ ಪತ್ರಗಳಲ್ಲಿ ಈ ಬಾರಿ ಪ್ರಯಾಣದ ಪ್ರಶ್ನೆಗಳೇ ಹೆಚ್ಚಾಗಿವೆ. ನಮ್ಮ ಊರುಗಳಲ್ಲಿ ಮೆಟ್ರೊ ಇಲ್ಲ, ಲೋಕಲ್ ರೈಲುಗಳ ಜಾಲವೂ ಇಲ್ಲ. ಆದರೆ ಚಿಕಿತ್ಸೆ, ಓದು, ಸಂದರ್ಶನ, ಬಂಧುಗಳ ಭೇಟಿ ಎಂದು ನಾವು ಹೋಗಬೇಕಾದ ಊರುಗಳಲ್ಲೆಲ್ಲ ಅವು ಇವೆ. ಆದ್ದರಿಂದ ನಗರ ರೈಲಿನ ನಕ್ಷೆಗೆ ಸಂಬಂಧಿಸಿದ ಪ್ರಶ್ನೆಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಮಗಳು ಬೆಂಗಳೂರಿನ ಮೆಟ್ರೊ ನಕ್ಷೆಯನ್ನು ಮೊಬೈಲಿಗೆ ಕಳುಹಿಸಿದ್ದಾಳೆ. ನಕ್ಷೆಯಲ್ಲಿ ಹತ್ತಿರ ಕಾಣುವುದು ನಿಜದಲ್ಲಿ ದೂರವಿರುತ್ತದೆ ಎಂದು ಇಲ್ಲಿ ಹೇಳುತ್ತಾರೆ. ಹಾಗಿದ್ದರೆ ಅದನ್ನು ನಂಬಿ ಹೊರಡುವುದು ಹೇಗೆ? ನಾವು ಕಾಸರಗೋಡಿನಿಂದ ರಾತ್ರಿ ರೈಲಿನಲ್ಲಿ ಹೋಗಿ ಬನಶಂಕರಿ ತಲುಪಬೇಕು. (ಬದಿಯಡ್ಕ)

ಉತ್ತರ: ನೀವು ಕೇಳಿರುವುದು ನಿಜ, ಆದರೆ ಅದು ನಕ್ಷೆಯ ದೋಷವಲ್ಲ. ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು ಎಂಬ ನಾಲ್ಕು ನಿಲ್ದಾಣಗಳನ್ನು ಒಂದು ನೇರ ಗೆರೆಯ ಮೇಲೆ ಸಮಾನ ಅಂತರದಲ್ಲಿ ಗುರುತಿಸಿದರೆ, ಯಾವುದಾದ ಮೇಲೆ ಯಾವುದು ಬರುತ್ತದೆ ಎಂದು ತಿಳಿಯುತ್ತದೆಯೇ ಹೊರತು ನಡುವೆ ಎಷ್ಟು ಕಿಲೋಮೀಟರ್ ಎಂದು ತಿಳಿಯುವುದಿಲ್ಲ. ಶಿರಿಯಾ ಹೊಳೆ, ಮೊಗ್ರಾಲ್ ಹೊಳೆ ಎಲ್ಲಿ ಅಡ್ಡ ಬರುತ್ತವೆ ಎಂಬುದೂ ಕಾಣುವುದಿಲ್ಲ. ನಗರ ರೈಲಿನ ನಕ್ಷೆಗಳನ್ನು ಉದ್ದೇಶಪೂರ್ವಕವಾಗಿ ಹಾಗೆಯೇ ಬರೆಯುತ್ತಾರೆ. ಲಂಡನ್ನಿನ ಸುರಂಗ ರೈಲ್ವೆಯಲ್ಲಿ ನಕ್ಷೆ ಬರೆಯುವ ಕೆಲಸ ಮಾಡುತ್ತಿದ್ದ ಹ್ಯಾರಿ ಬೆಕ್ ಎಂಬುವರು 1931ರಲ್ಲಿ ಊರಿನ ನಿಜವಾದ ಅಂಕುಡೊಂಕುಗಳನ್ನೆಲ್ಲ ಬಿಟ್ಟು, ಅಡ್ಡ, ಲಂಬ ಮತ್ತು 45 ಡಿಗ್ರಿ ಓರೆಯ ಗೆರೆಗಳಲ್ಲಿ ಮಾತ್ರ ಒಂದು ನಕ್ಷೆಯನ್ನು ರಚಿಸಿದರು. 1933ರಲ್ಲಿ ಅದು ಅಚ್ಚಾಗಿ ಪ್ರಯಾಣಿಕರ ಕೈಗೆ ಬಂದ ಮೇಲೆ ಜಗತ್ತಿನ ಬಹುತೇಕ ನಗರಗಳು ಅದೇ ಕ್ರಮವನ್ನು ಹಿಡಿದವು. ಆ ನಕ್ಷೆಯಲ್ಲಿ ಬೇರೆಲ್ಲ ನಿಲ್ದಾಣಗಳಂತೆಯೇ ಕಾಣುವ ಲೆಸ್ಟರ್ ಸ್ಕ್ವೇರ್ ಮತ್ತು ಕೊವೆಂಟ್ ಗಾರ್ಡನ್ ನಿಲ್ದಾಣಗಳ ನಡುವೆ ನಿಜದಲ್ಲಿರುವ ಅಂತರ ಸುಮಾರು 260 ಮೀಟರ್ ಮಾತ್ರ. ರೈಲಿನೊಳಗೆ ಕುಳಿತವರಿಗೆ ಬೇಕಾಗುವುದು ಕ್ರಮ ಮತ್ತು ರೈಲು ಬದಲಿಸುವ ಸ್ಥಳ. ನಕ್ಷೆ ಅವೆರಡನ್ನು ಸ್ಪಷ್ಟವಾಗಿ ಹೇಳುವುದಕ್ಕಾಗಿ ಉಳಿದದ್ದನ್ನು ಬಿಟ್ಟುಕೊಡುತ್ತದೆ.

ಹೀಗಾಗಿ ನಕ್ಷೆಯನ್ನು ತೆರೆದಾಗ ಮೊದಲು ನೋಡಬೇಕಾದದ್ದು ನಿಮ್ಮ ನಿಲ್ದಾಣ ಯಾವ ಬಣ್ಣದ ಮಾರ್ಗದಲ್ಲಿದೆ ಎಂಬುದನ್ನು. ಅನಂತರ ಆ ಮಾರ್ಗದಲ್ಲಿ ನೀವು ಹೋಗುವ ದಿಕ್ಕಿನ ಕೊನೆಯ ನಿಲ್ದಾಣದ ಹೆಸರನ್ನು ಬರೆದುಕೊಳ್ಳಿ. ಪ್ಲಾಟ್‌ಫಾರ್ಮಿನ ಫಲಕದಲ್ಲಿಯೂ ರೈಲಿನ ಮುಂಭಾಗದಲ್ಲಿಯೂ ಇರುವುದು ಆ ಕೊನೆಯ ಹೆಸರೇ. ನೀವು ಇಳಿಯುವ ನಿಲ್ದಾಣದ ಹೆಸರು ಅಲ್ಲಿ ಇರುವುದಿಲ್ಲ. ಹೊಸಬರು ಎದುರು ದಿಕ್ಕಿನ ರೈಲು ಹತ್ತುವುದು ಹೆಚ್ಚಾಗಿ ಈ ಒಂದು ಹೆಸರನ್ನು ನೋಡಿಕೊಳ್ಳದ ಕಾರಣದಿಂದಲೇ.

ಇನ್ನು ನಿಮ್ಮ ದಾರಿ. ಕಣ್ಣೂರಿನಿಂದ ಕಾಸರಗೋಡು, ಮಂಗಳೂರು ಮೂಲಕ ಹೋಗುವ ರಾತ್ರಿ ರೈಲು ನಿಮ್ಮನ್ನು ಬೆಂಗಳೂರಿನ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣದಲ್ಲಿ ಇಳಿಸುತ್ತದೆ. ಮೆಟ್ರೊ ನಕ್ಷೆಯಲ್ಲಿ ಅದೇ ಹೆಸರಿನ ನಿಲ್ದಾಣ ನೇರಳೆ ಮಾರ್ಗದಲ್ಲಿದೆ, ಅದರ ಪಕ್ಕದ ನಿಲ್ದಾಣ ಮೆಜೆಸ್ಟಿಕ್. ಬನಶಂಕರಿ ಇರುವುದು ಹಸಿರು ಮಾರ್ಗದಲ್ಲಿ. ನಕ್ಷೆಯನ್ನು ಅಕ್ಷರಶಃ ಪಾಲಿಸಿದರೆ ನೇರಳೆ ರೈಲು ಹತ್ತಿ, ಒಂದೇ ನಿಲ್ದಾಣಕ್ಕೆ ಮೆಜೆಸ್ಟಿಕ್‌ನಲ್ಲಿ ಇಳಿದು, ಹಸಿರು ರೈಲಿಗೆ ಬದಲಿಸಬೇಕಾಗುತ್ತದೆ. ಆದರೆ ಆ ಮೆಟ್ರೊ ನಿಲ್ದಾಣ ಇರುವುದು ರೈಲು ನಿಲ್ದಾಣದ ಹಿಂಬದಿಯಲ್ಲಿ. ನೀವು 1ನೇ ಪ್ಲಾಟ್‌ಫಾರ್ಮಿನ ಕಡೆಯ ಮುಂಬಾಗಿಲಿನಿಂದ ಹೊರಬಂದರೆ, ರಸ್ತೆಯಡಿಯ ಸುರಂಗದಾರಿಯಲ್ಲಿ ಬಸ್ ನಿಲ್ದಾಣದ ಕಡೆಗೆ ನಡೆದು ನೇರವಾಗಿ ಮೆಜೆಸ್ಟಿಕ್ ಮೆಟ್ರೊಗೆ ಹೋಗಬಹುದು. ಅಲ್ಲಿ ‘ರೇಷ್ಮೆ ಸಂಸ್ಥೆ’ ಎಂದು ಬರೆದಿರುವ ಹಸಿರು ರೈಲನ್ನು ಹತ್ತಿ. ಮುಂದಿನ ನಿಲ್ದಾಣವಾದ ಚಿಕ್ಕಪೇಟೆಯನ್ನು ಒಂದು ಎಂದು ಎಣಿಸಿದರೆ ಎಂಟನೆಯದು ಬನಶಂಕರಿ. ಬದಲಾವಣೆಯೇ ಇಲ್ಲ. ಒಂದು ಎಚ್ಚರಿಕೆ: ಭಾನುವಾರ ಮೆಟ್ರೊ ಸಂಚಾರ ಉಳಿದ ದಿನಗಳಿಗಿಂತ ತಡವಾಗಿ ಆರಂಭವಾಗುತ್ತದೆ. ನಕ್ಷೆ ಸಮಯವನ್ನು ಹೇಳುವುದಿಲ್ಲವಾದ್ದರಿಂದ ಬೆಳಗಿನ ಜಾವ ಇಳಿಯುವವರು ಮೊದಲ ರೈಲಿನ ವೇಳೆಯನ್ನು ಪ್ರತ್ಯೇಕವಾಗಿ ವಿಚಾರಿಸಿಕೊಳ್ಳಬೇಕು.

ಇದೇ ಸಂದರ್ಭದಲ್ಲಿ ಇನ್ನೊಂದು ವಿಷಯ. ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ಗೆ ಹೋಗುವ ರೈಲಿನಲ್ಲಿ ಬರುವವರು, ಮೆಟ್ರೊ ನಕ್ಷೆಯಲ್ಲಿಯೂ ಬೈಯಪ್ಪನಹಳ್ಳಿ ಎಂಬ ಹೆಸರಿದೆ ಎಂಬ ಕಾರಣಕ್ಕೆ ಎರಡೂ ಒಂದೇ ಅಂಗಳದಲ್ಲಿವೆ ಎಂದು ಭಾವಿಸಬಾರದು. ನಡುವೆ ಸಾಮಾನು ಹೊತ್ತು ನಡೆಯಲಾಗದಷ್ಟು ದೂರವಿದೆ. ಬಸ್ಸೋ ಆಟೊವೋ ಬೇಕಾಗುತ್ತದೆ.

ಪ್ರಶ್ನೆ: ನೇತ್ರಾವತಿ ಎಕ್ಸ್‌ಪ್ರೆಸ್‌ನಲ್ಲಿ ಮುಂಬೈಗೆ ಹೋಗುತ್ತಿದ್ದೇನೆ. ಟಿಕೆಟ್ ಲೋಕಮಾನ್ಯ ತಿಲಕ್ ಟರ್ಮಿನಸ್‌ವರೆಗೆ ಇದೆ. ಅಳಿಯನ ಮನೆ ಅಂಧೇರಿಯಲ್ಲಿ. ಲೋಕಲ್ ರೈಲಿನ ನಕ್ಷೆಯಲ್ಲಿ ಎಷ್ಟು ಹುಡುಕಿದರೂ ಆ ಟರ್ಮಿನಸ್ ಸಿಗುತ್ತಿಲ್ಲ. (ಉಪ್ಪಳ)

ಉತ್ತರ: ನಿಮಗೆ ಅದು ಸಿಗದಿರುವುದು ಸಹಜ, ಏಕೆಂದರೆ ಲೋಕಮಾನ್ಯ ತಿಲಕ್ ಟರ್ಮಿನಸ್ಸಿನಲ್ಲಿ ಲೋಕಲ್ ರೈಲು ನಿಲ್ಲುವುದಿಲ್ಲ, ಅದು ದೂರದ ರೈಲುಗಳಿಗಾಗಿ ಇರುವ ನಿಲ್ದಾಣ. ಅದಕ್ಕೆ ನಡೆದು ಹೋಗುವಷ್ಟು ಹತ್ತಿರವಿರುವ ಲೋಕಲ್ ನಿಲ್ದಾಣದ ಹೆಸರು ತಿಲಕ್ ನಗರ. ಹಾರ್ಬರ್ ಮಾರ್ಗದಲ್ಲಿ ಕುರ್ಲಾ ಮತ್ತು ಚೆಂಬೂರಿನ ನಡುವೆ ಅದನ್ನು ಹುಡುಕಿ. ಚೆಂಬೂರು, ಗೋವಂಡಿ, ಮಾನ್‌ಖುರ್ದ್ ಕಡೆಗೆ ಹೋಗುವವರಿಗೆ ತಿಲಕ್ ನಗರದಂಥ ಅನುಕೂಲ ಬೇರೆ ಇಲ್ಲ.

ಆದರೆ ನಿಮ್ಮ ವಿಷಯದಲ್ಲಿ ಟರ್ಮಿನಸ್‌ವರೆಗೆ ಹೋಗುವ ಅಗತ್ಯವೇ ಇಲ್ಲ ಎಂಬುದು ನನ್ನ ಅಭಿಪ್ರಾಯ. ನಮ್ಮ ಕರಾವಳಿಯಿಂದ ಮುಂಬೈಗೆ ಹೋಗುವವರು ಬಹುಮಟ್ಟಿಗೆ ರೂಢಿಯಂತೆ ಕೊನೆಯ ನಿಲ್ದಾಣಕ್ಕೆ ಟಿಕೆಟ್ ತೆಗೆಯುತ್ತಾರೆ, ಅಲ್ಲಿ ಇಳಿದ ಮೇಲೆ ನಕ್ಷೆ ಬಿಡಿಸುತ್ತಾರೆ. ಕ್ರಮ ಇದಕ್ಕೆ ವಿರುದ್ಧವಾಗಿರಬೇಕು. ಮೊದಲು ನಗರದ ನಕ್ಷೆಯಲ್ಲಿ ತಲುಪಬೇಕಾದ ನಿಲ್ದಾಣದ ಮೇಲೆ ಬೆರಳಿಟ್ಟು, ಅಲ್ಲಿಂದ ಹಿಂದಕ್ಕೆ ಬರುತ್ತ, ನಮ್ಮ ಊರಿನ ರೈಲು ನಿಲ್ಲುವ ಯಾವ ನಿಲ್ದಾಣ ಆ ಗೆರೆಗೆ ಅನುಕೂಲವಾಗಿ ಸೇರುತ್ತದೆ ಎಂದು ಕಂಡುಕೊಂಡು, ಆಮೇಲೆ ಟಿಕೆಟ್ ತೆಗೆಯಬೇಕು. ನೇತ್ರಾವತಿ ಎಕ್ಸ್‌ಪ್ರೆಸ್ ಪನ್ವೇಲ್‌ನಲ್ಲಿಯೂ ಠಾಣೆಯಲ್ಲಿಯೂ ನಿಲ್ಲುತ್ತದೆ. ಅಂಧೇರಿಯಿಂದ ಹಿಂದಕ್ಕೆ ಬನ್ನಿ: ಅಂಧೇರಿಯ ಲೋಕಲ್ ನಿಲ್ದಾಣದ ಪಕ್ಕದಲ್ಲಿಯೇ ವರ್ಸೋವಾ–ಅಂಧೇರಿ–ಘಾಟ್ಕೋಪರ್ ಮೆಟ್ರೊ ಹಾದುಹೋಗುತ್ತದೆ. 2014ರಲ್ಲಿ ಆರಂಭವಾದ ಈ ಮಾರ್ಗ ಮುಂಬೈಯ ಮೊದಲ ಮೆಟ್ರೊ. ಅದರ ಇನ್ನೊಂದು ತುದಿಯಾದ ಘಾಟ್ಕೋಪರ್ ಸೆಂಟ್ರಲ್ ಮಾರ್ಗದ ಲೋಕಲ್ ನಿಲ್ದಾಣವೂ ಹೌದು, ಠಾಣೆಯೂ ಅದೇ ಮಾರ್ಗದಲ್ಲಿದೆ. ಆದ್ದರಿಂದ ಠಾಣೆಯಲ್ಲಿ ಇಳಿದು, ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಕಡೆಗೆ ಹೋಗುವ ಲೋಕಲ್‌ನಲ್ಲಿ ಘಾಟ್ಕೋಪರ್‌ವರೆಗೆ ಬಂದು, ಮೆಟ್ರೊ ಹಿಡಿದರೆ ಅಂಧೇರಿ. ನೇತ್ರಾವತಿ ವೇಳಾಪಟ್ಟಿಯಂತೆ ಸಾಯಂಕಾಲದ ಹೊತ್ತಿಗೆ ಮುಂಬೈ ತಲುಪುತ್ತದೆ. ಆಗ ಕಚೇರಿ ಬಿಟ್ಟ ಜನರ ದಟ್ಟಣೆ ದಕ್ಷಿಣದಿಂದ ಠಾಣೆ, ಕಲ್ಯಾಣದ ಕಡೆಗೆ ಇರುತ್ತದೆ. ನೀವು ಠಾಣೆಯಿಂದ ಘಾಟ್ಕೋಪರ್‌ಗೆ ಬರುವುದು ಅದರ ಎದುರು ದಿಕ್ಕಿನಲ್ಲಿ, ಸಾಮಾನಿದ್ದವರಿಗೆ ಅದು ಸಣ್ಣ ನೆಮ್ಮದಿಯಲ್ಲ.

ವಾಶಿ, ನೆರೂಳ್, ಬೇಲಾಪುರಗಳಲ್ಲಿ ಬಂಧುಗಳಿರುವವರು ಪನ್ವೇಲ್‌ನಲ್ಲಿಯೇ ಇಳಿಯಬೇಕು. ಹಾರ್ಬರ್ ಮಾರ್ಗದ ಲೋಕಲ್ ಅಲ್ಲಿಂದಲೇ ಹೊರಡುತ್ತದೆ, ಕುಳಿತುಕೊಳ್ಳಲು ಸ್ಥಳ ಸಿಗುವ ಸಂಭವವೂ ಹೆಚ್ಚು.

ಪ್ರಶ್ನೆ: ನಮ್ಮ ತಂದೆಯವರನ್ನು ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಗೆ ಕರೆದೊಯ್ಯಬೇಕು. ಸೋಲಾಪುರದಿಂದ ಸಿದ್ಧೇಶ್ವರ ಎಕ್ಸ್‌ಪ್ರೆಸ್‌ನಲ್ಲಿ ಹೋಗುತ್ತೇವೆ. ಮುಂಬೈ ಸೆಂಟ್ರಲ್‌ಗೆ ಹೋಗಿ ಅಲ್ಲಿಂದ ಸೆಂಟ್ರಲ್ ಮಾರ್ಗದ ಲೋಕಲ್ ಹಿಡಿಯುವಂತೆ ಒಬ್ಬರು ಹೇಳಿದ್ದಾರೆ. ಸರಿಯೇ? (ಅಕ್ಕಲಕೋಟೆ)

ಉತ್ತರ: ಸರಿಯಲ್ಲ, ದಯವಿಟ್ಟು ಹಾಗೆ ಮಾಡಬೇಡಿ. ಮುಂಬೈ ಸೆಂಟ್ರಲ್ ಎಂಬ ನಿಲ್ದಾಣ ಇರುವುದು ವೆಸ್ಟರ್ನ್ ಮಾರ್ಗದಲ್ಲಿ. ಸೆಂಟ್ರಲ್ ಮಾರ್ಗದ ಲೋಕಲ್ ಅಲ್ಲಿಗೆ ಹೋಗುವುದೇ ಇಲ್ಲ. ಹೆಸರನ್ನು ಬಿಟ್ಟು ನಕ್ಷೆಯ ಗೆರೆಯನ್ನು ಅನುಸರಿಸುವುದೇ ಇಲ್ಲಿ ಕ್ಷೇಮ. ಸಿದ್ಧೇಶ್ವರ ಎಕ್ಸ್‌ಪ್ರೆಸ್ ಸಿಎಸ್‌ಎಂಟಿಗೆ ಹೋಗುವ ಮೊದಲು ದಾದರಿನಲ್ಲಿ ನಿಲ್ಲುತ್ತದೆ. ಅಲ್ಲಿ ಇಳಿಯಿರಿ. ಸಿಎಸ್‌ಎಂಟಿ ಕಡೆಗೆ ದಾದರಿನ ಮುಂದಿನ ನಿಲ್ದಾಣವೇ ಪರೇಲ್.

ನಕ್ಷೆಯಲ್ಲಿ ಕಾಣದ ಮುಖ್ಯ ವಿಷಯವೊಂದು ಮುಂಬೈಯಲ್ಲಿದೆ. ಒಂದೇ ಮಾರ್ಗದಲ್ಲಿ ಸ್ಲೋ ಮತ್ತು ಫಾಸ್ಟ್ ಎಂಬ ಎರಡು ಬಗೆಯ ಲೋಕಲ್‌ಗಳು ಓಡುತ್ತವೆ. ಸ್ಲೋ ಎಲ್ಲ ನಿಲ್ದಾಣಗಳಲ್ಲಿ ನಿಲ್ಲುತ್ತದೆ, ಫಾಸ್ಟ್ ಕೆಲವನ್ನು ಬಿಟ್ಟು ಹೋಗುತ್ತದೆ, ಆದರೆ ನಕ್ಷೆ ಎರಡಕ್ಕೂ ಒಂದೇ ಗೆರೆ ಎಳೆದಿರುತ್ತದೆ. ಪರೇಲಿಗೆ ಹೋಗಲು ನೀವು ಸ್ಲೋ ಲೋಕಲನ್ನೇ ಹತ್ತಬೇಕು. ಪ್ಲಾಟ್‌ಫಾರ್ಮಿನ ಇಂಡಿಕೇಟರಿನಲ್ಲಿ ರೈಲಿನ ಕೊನೆಯ ನಿಲ್ದಾಣದ ಜೊತೆಗೆ ಸ್ಲೋ ಅಥವಾ ಫಾಸ್ಟ್ ಎಂಬುದನ್ನು ಸೂಚಿಸುವ ಇಂಗ್ಲಿಷ್ ಅಕ್ಷರವೂ ಇರುತ್ತದೆ, ಅದನ್ನು ನೋಡಿಯೇ ಹತ್ತಿ. ದಾದರಿನಲ್ಲಿ ವೆಸ್ಟರ್ನ್ ಮತ್ತು ಸೆಂಟ್ರಲ್ ಎರಡೂ ಮಾರ್ಗಗಳು ಕೂಡುವುದರಿಂದ ಹಿಂದೆ ಒಂದೇ ಸಂಖ್ಯೆಯ ಪ್ಲಾಟ್‌ಫಾರ್ಮ್ ಎರಡೆರಡು ಇದ್ದು ಜನ ತುಂಬ ಕಷ್ಟಪಡುತ್ತಿದ್ದರು. 2023ರ ಡಿಸೆಂಬರಿನಲ್ಲಿ ಅವುಗಳಿಗೆ 1ರಿಂದ 14ರವರೆಗೆ ಒಂದೇ ಸರಣಿಯ ಸಂಖ್ಯೆ ಕೊಟ್ಟ ಮೇಲೆ ಆ ತೊಂದರೆ ನೀಗಿದೆ. ಹಳೆಯ ಸಂಖ್ಯೆಯನ್ನು ನೆನಪಿಟ್ಟುಕೊಂಡು ಯಾರಾದರೂ ದಾರಿ ಹೇಳಿದರೆ ಮಾತ್ರ ಮತ್ತೊಮ್ಮೆ ಫಲಕ ನೋಡಿಕೊಳ್ಳಿ.

ಇಷ್ಟು ಹೇಳಿದ ಮೇಲೂ ನನ್ನ ಸಲಹೆ ಬೇರೆಯೇ ಇದೆ. ದಾದರಿನಿಂದ ಆಸ್ಪತ್ರೆ ಬಹಳ ದೂರವಿಲ್ಲ. ನಿಮ್ಮ ತಂದೆಯವರು ಮೆಟ್ಟಿಲು ಹತ್ತಿ ಇಳಿಯಲು ಕಷ್ಟಪಡುವ ಸ್ಥಿತಿಯಲ್ಲಿದ್ದರೆ, ಒಂದು ನಿಲ್ದಾಣಕ್ಕಾಗಿ ಅವರನ್ನು ಬೆಳಗಿನ ಲೋಕಲ್‌ನ ನೂಕುನುಗ್ಗಲಿಗೆ ಒಡ್ಡಬೇಡಿ. ದಾದರಿನಿಂದ ಟ್ಯಾಕ್ಸಿಯಲ್ಲಿ ಕರೆದೊಯ್ಯಿರಿ. ನಂತರದ ದಿನಗಳಲ್ಲಿ ಊಟ, ಔಷಧಿ, ವಸತಿಗಾಗಿ ನೀವೊಬ್ಬರೇ ಓಡಾಡುವಾಗ ಲೋಕಲ್ ಉಪಯೋಗಕ್ಕೆ ಬರುತ್ತದೆ. ಆಗ ವೆಸ್ಟರ್ನ್ ಮಾರ್ಗದ ಪ್ರಭಾದೇವಿ ನಿಲ್ದಾಣವನ್ನೂ ನೆನಪಿಡಿ. ನಕ್ಷೆಯಲ್ಲಿ ಅದು ಪರೇಲಿಗೆ ಸಂಬಂಧವಿಲ್ಲದ ಬೇರೊಂದು ಗೆರೆಯ ಮೇಲೆ ಇದ್ದರೂ ನೆಲದ ಮೇಲೆ ಎರಡೂ ಅಕ್ಕಪಕ್ಕದಲ್ಲಿವೆ, ಪಾದಚಾರಿ ಸೇತುವೆಯಿಂದ ಕೂಡಿಕೊಂಡಿವೆ. ಬಾಂದ್ರಾ, ಅಂಧೇರಿ ಕಡೆಗೆ ಹೋಗಬೇಕಾದರೆ ದಾದರಿಗೆ ಹಿಂದಿರುಗದೆ ಅಲ್ಲಿಂದಲೇ ಹೋಗಬಹುದು.

ಪ್ರಶ್ನೆ: ಎರ್ನಾಕುಳದ ವೈಟ್ಟಿಲಕ್ಕೆ ಹೋಗಬೇಕು. ಕಾಸರಗೋಡಿನಿಂದ ಎರಡು ವಂದೇ ಭಾರತ್ ರೈಲುಗಳಿವೆ. ಯಾವುದರಲ್ಲಿ ಹೋದರೂ ಒಂದೇ ಅಲ್ಲವೇ? (ಕುಂಬಳೆ)

ಉತ್ತರ: ಊರು ಒಂದೇ, ಇಳಿಯುವ ನಿಲ್ದಾಣ ಬೇರೆ. ಕೋಟ್ಟಯಂ ಮಾರ್ಗದ ವಂದೇ ಭಾರತ್ ಎರ್ನಾಕುಳಂ ಟೌನ್‌ನಲ್ಲಿ, ಅಂದರೆ ಜನ ನಾರ್ತ್ ಎಂದು ಕರೆಯುವ ನಿಲ್ದಾಣದಲ್ಲಿ ನಿಲ್ಲುತ್ತದೆ. ಆಲಪ್ಪುಳ ಮಾರ್ಗದ್ದು ಎರ್ನಾಕುಳಂ ಜಂಕ್ಷನ್‌ನಲ್ಲಿ, ಅಂದರೆ ಸೌತ್‌ನಲ್ಲಿ ನಿಲ್ಲುತ್ತದೆ. ಕೊಚ್ಚಿ ಮೆಟ್ರೊ ನಕ್ಷೆ ಓದಲು ಬಹಳ ಸುಲಭ, ಆಲುವಾದಿಂದ ತೃಪ್ಪುಣಿತ್ತುರದವರೆಗೆ 25 ನಿಲ್ದಾಣಗಳ ಒಂದೇ ಮಾರ್ಗ. ನಾರ್ತ್‌ಗೆ ಹತ್ತಿರದ ಮೆಟ್ರೊ ನಿಲ್ದಾಣದ ಹೆಸರು ಟೌನ್ ಹಾಲ್, ಸೌತ್‌ಗೆ ಹತ್ತಿರದ್ದು ಎರ್ನಾಕುಳಂ ಸೌತ್. ತೃಪ್ಪುಣಿತ್ತುರ ದಿಕ್ಕಿನ ರೈಲು ಹತ್ತಿದರೆ ಟೌನ್ ಹಾಲ್‌ನಿಂದ ವೈಟ್ಟಿಲ ಆರನೆಯ ನಿಲ್ದಾಣ, ಎರ್ನಾಕುಳಂ ಸೌತ್‌ನಿಂದ ಮೂರನೆಯದು. ವೈಟ್ಟಿಲಕ್ಕೆ ಆಲಪ್ಪುಳ ಮಾರ್ಗದ ರೈಲು ಅನುಕೂಲ. ಇಡಪ್ಪಳ್ಳಿ, ಕಲೂರು ಕಡೆಗೆ ಹೋಗುವವರಿಗೆ ಕೋಟ್ಟಯಂ ಮಾರ್ಗದ್ದು. ನಿಮ್ಮ ಕೆಲಸ ಕಾಕ್ಕನಾಡಿನಲ್ಲಿದ್ದರೆ, ವೈಟ್ಟಿಲದಿಂದ ಅಲ್ಲಿಗೆ 2023ರಿಂದ ವಾಟರ್ ಮೆಟ್ರೊ ದೋಣಿಗಳೂ ಓಡುತ್ತಿವೆ.

ಪ್ರಶ್ನೆ: ಹೊಸೂರಿನಿಂದ ಜಯದೇವ ಆಸ್ಪತ್ರೆಗೆ ತಿಂಗಳಿಗೊಮ್ಮೆ ಹೋಗುತ್ತೇವೆ. ಬಸ್ಸಿನಲ್ಲಿ ಸಿಲ್ಕ್ ಬೋರ್ಡ್ ದಾಟುವುದೇ ದೊಡ್ಡ ಪಾಡು. ಮೆಟ್ರೊದಿಂದ ನಮಗೇನಾದರೂ ಉಪಯೋಗವಿದೆಯೇ? (ಹೊಸೂರು)

ಉತ್ತರ: ಖಂಡಿತ ಇದೆ. 2025ರ ಆಗಸ್ಟ್‌ನಲ್ಲಿ ಆರಂಭವಾದ ಬೆಂಗಳೂರು ಮೆಟ್ರೊದ ಹಳದಿ ಮಾರ್ಗ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ 19 ಕಿಲೋಮೀಟರಿಗೂ ಹೆಚ್ಚು ಉದ್ದವಿದ್ದು, 16 ನಿಲ್ದಾಣಗಳನ್ನು ಹೊಂದಿದೆ. ಹೊಸೂರಿನ ಬಸ್ಸಿನಲ್ಲಿ ಅತ್ತಿಬೆಲೆ, ಚಂದಾಪುರ ದಾಟಿ ಬೊಮ್ಮಸಂದ್ರದಲ್ಲಿ ಇಳಿದು ಮೆಟ್ರೊ ಹತ್ತಿದರೆ, ಜಯದೇವ ಆಸ್ಪತ್ರೆ ಎಂಬ ಹೆಸರಿನ ನಿಲ್ದಾಣ ಆಸ್ಪತ್ರೆಯ ಬಳಿಯಲ್ಲಿಯೇ ಇದೆ, ನಡುವೆ ಎಲ್ಲಿಯೂ ರೈಲು ಬದಲಿಸಬೇಕಾಗಿಲ್ಲ. ಸೆಂಟ್ರಲ್ ಸಿಲ್ಕ್ ಬೋರ್ಡ್ ನಿಲ್ದಾಣವನ್ನು ನೀವು ರಸ್ತೆಯ ದಟ್ಟಣೆಯ ಮೇಲಿನಿಂದ ದಾಟಿಹೋಗುತ್ತೀರಿ. ಅದಾದ ಮೇಲೆ ಬಿ.ಟಿ.ಎಂ. ಬಡಾವಣೆ, ಅನಂತರ ಜಯದೇವ.

ಆದರೆ ನಕ್ಷೆಯಲ್ಲಿ ಹಳದಿ ಗೆರೆ ನೇರಳೆ, ಹಸಿರು ಗೆರೆಗಳಷ್ಟೇ ದಪ್ಪವಾಗಿದೆ ಎಂಬ ಕಾರಣಕ್ಕೆ ರೈಲುಗಳೂ ಅಷ್ಟೇ ಬೇಗ ಬೇಗ ಬರುತ್ತವೆ ಎಂದುಕೊಳ್ಳಬೇಡಿ. ಈ ಮಾರ್ಗ ಮೂರೇ ರೈಲುಗಳಿಂದ, 25 ನಿಮಿಷಕ್ಕೊಂದರಂತೆ ಆರಂಭವಾಯಿತು. ರೈಲುಗಳು ಸೇರಿದಂತೆಲ್ಲ ಅಂತರ ಕಡಿಮೆಯಾಗುತ್ತ ಬಂದಿದೆ. ಹೊರರೋಗಿ ವಿಭಾಗದ ಚೀಟಿಗಾಗಿ ಬೆಳಿಗ್ಗೆ ಬೇಗ ತಲುಪಬೇಕಾದವರು ಒಂದು ರೈಲು ತಪ್ಪಿದರೆ ಮುಂದಿನದು ಯಾವಾಗ ಎಂಬುದನ್ನು ಲೆಕ್ಕಕ್ಕೆ ಹಿಡಿದುಕೊಂಡೇ ಊರು ಬಿಡಬೇಕು.

ಪ್ರಶ್ನೆ: ಹೈದರಾಬಾದಿನ ನಿಮ್ಸ್ ಆಸ್ಪತ್ರೆಗೆ ಮೆಟ್ರೊದಲ್ಲಿ ಹೋಗುವುದು ಹೇಗೆ? ಸಿಕಂದರಾಬಾದಿನಲ್ಲಿ ಎರಡು ಮೆಟ್ರೊ ನಿಲ್ದಾಣಗಳು ಕಾಣುತ್ತಿವೆ. (ಆದೋನಿ)

ಉತ್ತರ: ಹೌದು, ಸಿಕಂದರಾಬಾದ್ ರೈಲು ನಿಲ್ದಾಣದ ಬಳಿ ಸಿಕಂದರಾಬಾದ್ ಈಸ್ಟ್ ನೀಲಿ ಮಾರ್ಗದಲ್ಲಿದೆ, ಸಿಕಂದರಾಬಾದ್ ವೆಸ್ಟ್ ಹಸಿರು ಮಾರ್ಗದಲ್ಲಿದೆ. ನಿಮಗೆ ಬೇಕಾದದ್ದು ಈಸ್ಟ್. ಅಲ್ಲಿ ‘ರಾಯದುರ್ಗ’ ಎಂದಿರುವ ನೀಲಿ ರೈಲು ಹತ್ತಿ (ಇದು ಹೈದರಾಬಾದಿನ ಬಡಾವಣೆ, ನಿಮ್ಮ ಪಕ್ಕದ ಅನಂತಪುರ ಜಿಲ್ಲೆಯ ರಾಯದುರ್ಗವಲ್ಲ), ಅಮೀರ್‌ಪೇಟೆಯಲ್ಲಿ ಇಳಿದು, ಎಲ್.ಬಿ. ನಗರದ ಕಡೆಗೆ ಹೋಗುವ ಕೆಂಪು ಮಾರ್ಗದ ರೈಲಿಗೆ ಬದಲಿಸಿದರೆ ಮುಂದಿನ ನಿಲ್ದಾಣವೇ ಪಂಜಗುಟ್ಟ. ಆಸ್ಪತ್ರೆ ಅಲ್ಲಿಯೇ ಹತ್ತಿರದಲ್ಲಿದೆ. ನೀವು ಬರುವ ರೈಲು ಬೇಗಂಪೇಟೆಯಲ್ಲಿ ನಿಲ್ಲುವುದಾದರೆ ಅಲ್ಲಿಯೇ ಇಳಿಯಿರಿ. ಬೇಗಂಪೇಟೆ ಮೆಟ್ರೊದಿಂದ ಅಮೀರ್‌ಪೇಟೆ ಒಂದೇ ನಿಲ್ದಾಣ. ಹೈದರಾಬಾದ್ ರೈಲು ನಿಲ್ದಾಣವಿರುವ ನಾಂಪಲ್ಲಿಯವರೆಗೆ ಹೋಗುವ ರೈಲಾದರೆ ಇನ್ನೂ ಸರಳ. ಅಲ್ಲಿಂದ ಮಿಯಾಪುರ ದಿಕ್ಕಿನ ಕೆಂಪು ರೈಲಿನಲ್ಲಿ ಪಂಜಗುಟ್ಟ ಐದನೆಯ ನಿಲ್ದಾಣ, ಬದಲಾವಣೆಯ ಶ್ರಮವೂ ಇಲ್ಲ. ರೋಗಿಯೊಂದಿಗೆ ಹೋಗುವವರು ನಿಲ್ದಾಣಗಳ ಸಂಖ್ಯೆ ಹೆಚ್ಚಾದರೂ ಬದಲಾವಣೆ ಇಲ್ಲದ ದಾರಿಯನ್ನೇ ಆರಿಸಬೇಕೆಂದು ನಾನು ಒತ್ತಿ ಹೇಳುತ್ತೇನೆ. ರೈಲಿನಲ್ಲಿ ಕುಳಿತು ಕಳೆಯುವ ಹತ್ತು ನಿಮಿಷಕ್ಕಿಂತ ಜನಜಂಗುಳಿಯ ನಡುವೆ ಮೆಟ್ಟಿಲು, ಎಸ್ಕಲೇಟರುಗಳನ್ನು ದಾಟುವ ಐದು ನಿಮಿಷ ಅವರಿಗೆ ಹೆಚ್ಚು ಆಯಾಸ ತರುತ್ತದೆ.

ಪ್ರಶ್ನೆ: ಅಂತರ್ಜಾಲದಲ್ಲಿ ಒಂದೇ ನಗರದ ಬೇರೆ ಬೇರೆ ನಕ್ಷೆಗಳು ಸಿಗುತ್ತವೆ. ಚೆನ್ನೈ ಮೆಟ್ರೊದ ಒಂದು ನಕ್ಷೆಯಲ್ಲಿ ಎರಡೇ ಬಣ್ಣಗಳಿವೆ, ಇನ್ನೊಂದರಲ್ಲಿ ಐದಿವೆ. ಯಾವುದನ್ನು ನಂಬಬೇಕು? (ಮಂಜೇಶ್ವರ)

ಉತ್ತರ: ನಿರ್ಮಾಣದಲ್ಲಿರುವ ಮಾರ್ಗಗಳನ್ನೂ ಸೇರಿಸಿ ಬರೆದ ನಕ್ಷೆಗಳು ಎಲ್ಲ ಕಡೆಯೂ ಹರಿದಾಡುತ್ತಿವೆ. ಕೆಲವರು ಅವುಗಳನ್ನು ಚುಕ್ಕೆಗೆರೆಯಲ್ಲಿ ತೋರಿಸುತ್ತಾರೆ, ಕೆಲವರು ಅದನ್ನೂ ಮಾಡುವುದಿಲ್ಲ. ಆದ್ದರಿಂದ ಆಯಾ ಮೆಟ್ರೊ ನಿಗಮದ ಜಾಲತಾಣದಲ್ಲಿರುವ ನಕ್ಷೆಯನ್ನೇ ಇಳಿಸಿಕೊಳ್ಳಿ, ಅದರಲ್ಲಿರುವ ಚಿಹ್ನೆಗಳ ವಿವರಣೆಯನ್ನು ಓದಿ, ನಿಲ್ದಾಣಕ್ಕೆ ಹೋದ ಮೇಲೆ ಗೋಡೆಯ ಮೇಲಿನ ನಕ್ಷೆಯೊಂದಿಗೆ ಒಮ್ಮೆ ಹೋಲಿಸಿ ನೋಡಿ.

ಚೆನ್ನೈಯಲ್ಲಿ 2015ರಿಂದ ಹಂತ ಹಂತವಾಗಿ ತೆರೆದ ಮೊದಲ ಎರಡು ಮಾರ್ಗಗಳು ನೀಲಿ ಮತ್ತು ಹಸಿರು. ಮಂಗಳೂರು–ಚೆನ್ನೈ ಮೇಲ್‌ನಲ್ಲಿ ಹೋಗುವ ನಮ್ಮವರು ಇಳಿಯುವ ಚೆನ್ನೈ ಸೆಂಟ್ರಲ್‌ನಲ್ಲಿಯೇ ಅವೆರಡೂ ಕೂಡುತ್ತವೆ, ಬೇರೆ ಬೇರೆ ದಾರಿಯಲ್ಲಿ ಸಾಗಿ ಆಲಂದೂರಿನಲ್ಲಿ ಮತ್ತೆ ಕೂಡುತ್ತವೆ. ವಿಮಾನ ನಿಲ್ದಾಣಕ್ಕೆ ನೀಲಿ ಮಾರ್ಗ ನೇರ, ಎಗ್ಮೂರ್ ಮತ್ತು ಕೋಯಂಬೇಡು ಬಸ್ ನಿಲ್ದಾಣಕ್ಕೆ ಹಸಿರು ಮಾರ್ಗ. ಎಗ್ಮೂರ್ ಸೆಂಟ್ರಲ್‌ನ ಮುಂದಿನ ನಿಲ್ದಾಣವೇ ಆಗಿರುವುದರಿಂದ, ಅಲ್ಲಿಂದ ದಕ್ಷಿಣದ ಜಿಲ್ಲೆಗಳಿಗೆ ರೈಲು ಹಿಡಿಯಬೇಕಾದವರು ಆಟೊಗಾಗಿ ಹೊರಗೆ ಹೋಗದೆ ಕೆಳಗಿನ ಮೆಟ್ರೊಗೆ ಇಳಿಯಬಹುದು.